ಎಲುಬು ಕೂಡಿದ ಮೇಲೂ ಉಳಿಯುವ ನೋವು

ಬಿದ್ದು ಮಣಿಕಟ್ಟಿನ ಎಲುಬು ಮುರಿದುಕೊಂಡವರಿಗೆ ಕೆಲವು ವಾರಗಳ ತರುವಾಯ ಪಟ್ಟಿಯನ್ನು ಬಿಚ್ಚುತ್ತಾರೆ. ಕ್ಷಕಿರಣ ಚಿತ್ರದಲ್ಲಿ ಎಲುಬು ಕೂಡಿರುತ್ತದೆ. ಆದರೂ ಕೆಲವರಿಗೆ ನೋವು ತಿಂಗಳುಗಟ್ಟಲೆ ಉಳಿಯುವುದುಂಟು. ಅದನ್ನು ಕೆಲಸಗಳ್ಳತನದ ನೆಪವೆಂದು ಜರೆಯುವುದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲವೆಂದು ನಾವು ಭಾವಿಸುತ್ತೇವೆ.

ಕೆಂಪು, ಬಾವು, ಬಿಸಿ, ನೋವು—ಉರಿಯೂತದ ಈ ನಾಲ್ಕು ಲಕ್ಷಣಗಳನ್ನು ಒಂದನೆಯ ಶತಮಾನದಲ್ಲಿಯೇ ರೋಮಿನ ಸೆಲ್ಸಸನು ಹೇಳಿದ್ದನು. ಮೊದಲಿಗೆ ಉರಿಯೂತವು ಶತ್ರುವಲ್ಲ. ಮುರಿದೆಡೆಗೆ ಧಾವಿಸುವ ಬಿಳಿಯ ರಕ್ತಕಣಗಳು ಸತ್ತ ಅಂಶಗಳನ್ನು ತೆಗೆದು ಹೊಸ ಎಲುಬಿನ ರಚನೆಗೆ ಹಾದಿ ಮಾಡುತ್ತವೆ. ಅಲ್ಲಿ ಹುಟ್ಟುವ ಪ್ರೋಸ್ಟಗ್ಲ್ಯಾಂಡಿನ್ ಮೊದಲಾದ ರಾಸಾಯನಿಕಗಳು ನರಗಳ ತುದಿಯನ್ನು ಸೂಕ್ಷ್ಮಗೊಳಿಸುತ್ತವೆ. ನೋವಿಗಂಜಿ ನಾವು ಆ ಭಾಗವನ್ನು ಕಾಪಾಡಿಕೊಳ್ಳುತ್ತೇವೆ.

ಆದರೆ ಕೆಲವರಲ್ಲಿ ಗಾಯ ಮಾದ ಮೇಲೂ ನರಗಳು ಮತ್ತು ಬೆನ್ನುಹುರಿ ಆ ಸೂಕ್ಷ್ಮತೆಯನ್ನು ಬಿಡುವುದಿಲ್ಲ. ಬಟ್ಟೆ ತಾಗಿದರೂ ಉರಿ. ಕೈಯ ಬಣ್ಣ, ಬಿಸಿ, ಬೆವರುಗಳಲ್ಲಿಯೂ ವ್ಯತ್ಯಾಸ. ಗುಂಡೇಟಿನಿಂದ ನರಕ್ಕೆ ಪೆಟ್ಟಾದ ಸೈನಿಕರಲ್ಲಿ ಇಂಥ ಉರಿನೋವನ್ನು ಅಮೆರಿಕದ ವೈದ್ಯ ವಿಯರ್ ಮಿಚೆಲ್ ಮತ್ತು ಸಹೋದ್ಯೋಗಿಗಳು 1864ರಲ್ಲಿ ವರ್ಣಿಸಿದರು. ಪೆಟ್ಟಿನ ಬಳಿಕ ಎಲುಬು ಸವೆಯುವುದನ್ನು ಜರ್ಮನಿಯ ಸುಡೆಕ್ 1900ರಲ್ಲಿ ತೋರಿಸಿದನು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು ಮೂರು ತಿಂಗಳಿಗೂ ಮೀರಿದ ನೋವಿಗೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದೆ.

ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಈ ತಿಳಿವಳಿಕೆಗೆ ವಿಶೇಷ ಬೆಲೆಯಿದೆ. ಹತ್ತಿ ಬಿಡಿಸುವವರಿಗೂ ಭತ್ತದ ಸಸಿ ನೆಡುವವರಿಗೂ ಬೆರಳುಗಳೇ ಬಂಡವಾಳ. ರಾಯಚೂರು ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ನಿಜ; ಆದರೆ ಹಳ್ಳಿಯ ಕೂಲಿಕಾರನಿಗೆ ಅಲ್ಲಿಗೆ ಹೋಗಿಬರುವುದೆಂದರೆ ಬಸ್ಸಿನ ಖರ್ಚಿನ ಜೊತೆಗೆ ಒಂದು ದಿನದ ಕೂಲಿಯೂ ಹೋದಂತೆ. ಆದುದರಿಂದ ಪಟ್ಟಿ ಬಿಚ್ಚಿದೊಡನೆ ಚಿಕಿತ್ಸೆ ಮುಗಿಯಿತೆಂದು ಎಣಿಸಬಾರದು. ಮರುಪರೀಕ್ಷೆಯೂ ಅಂಗಸಾಧನೆಯ ಶಿಕ್ಷಣವೂ ತಾಲ್ಲೂಕು ಆಸ್ಪತ್ರೆಯಲ್ಲಿಯೇ ದೊರೆಯುವಂತಾಗಬೇಕು.

ವಿದ್ಯಾರ್ಥಿಗಳು ಮನೆಯಲ್ಲಿ ತಿಳಿಸಬೇಕಾದ ಸಂಗತಿಗಳು ಎರಡು. ಕಟ್ಟು ಬಿಗಿಯಾಗಿ ಬೆರಳು ಬಾತು, ಜೋಮು ಹಿಡಿದು, ನೋವು ಏರುತ್ತಿದ್ದರೆ ಒಂದು ಗಳಿಗೆಯೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಪಟ್ಟಿಯ ಹೊರಗಿರುವ ಬೆರಳುಗಳನ್ನು ವೈದ್ಯರು ಹೇಳಿದಂತೆ ಮೊದಲಿನಿಂದಲೇ ಆಡಿಸುತ್ತಿರಬೇಕು. ಅಂಜಿ ಅಲುಗಿಸದೆ ಇಟ್ಟ ಕೈ ಇನ್ನಷ್ಟು ಬಿಗಿಯುತ್ತದೆ. ಇಷ್ಟಾದರೂ ನೋವು ಉಳಿದವರ ಮಾತನ್ನು ನಂಬಿ ಚಿಕಿತ್ಸೆಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ. ಕ್ಷಕಿರಣಕ್ಕೆ ಎಲುಬು ಕಾಣುತ್ತದೆ, ನೋವು ಕಾಣುವುದಿಲ್ಲ.