ತಂದೆಯ ಮಾತು ಮತ್ತು ತವರಿನ ಬಾಗಿಲು

ಗೃಹಸ್ಥಧರ್ಮದಲ್ಲಿ ವಿವಾಹವು ಕೇವಲ ಸಂಭ್ರಮದ ಸಂದರ್ಭವಲ್ಲ, ಅದೊಂದು ಸಂಸ್ಕಾರ. ಸಂಸ್ಕಾರವೆಂದ ಮೇಲೆ ಅಲ್ಲಿ ಆಡುವ ಮಾತಿಗೂ ವ್ರತದ ಕಟ್ಟು ಇರಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಮಂಗಲ ಕಾರ್ಯಾಲಯಗಳಲ್ಲಿ ಅಕ್ಷತೆ ಬಿದ್ದ ಬಳಿಕ ವಧುವಿನ ತಂದೆಯ ಕೈಗೆ ಧ್ವನಿವರ್ಧಕ ಬರುವುದುಂಟು. ಆಗ ಕೇಳಿಬರುವುದೇನು? ಮೊದಲು ವೇದಿಕೆಯ ಮೇಲಿರುವ ಗಣ್ಯರ ನಾಮಾವಳಿ. ತರುವಾಯ ಊಟ ಉಪಚಾರದಲ್ಲಿ ಕುಂದುಕೊರತೆಯಾಗಿದ್ದರೆ ಮನ್ನಿಸಬೇಕೆಂದು ಬೀಗರಲ್ಲಿ ಕೈಮುಗಿದ ಪ್ರಾರ್ಥನೆ. ಕೊನೆಗೆ, “ಇಂದಿನಿಂದ ಇವಳು ನಿಮ್ಮ ಮಗಳು, ನಮ್ಮ ಭಾರ ಇಳಿಯಿತು” ಎಂಬ ನಿಟ್ಟುಸಿರು. ಸಭೆಯು ಕಣ್ಣೊರೆಸಿಕೊಳ್ಳುತ್ತದೆ. ಇಷ್ಟೆಲ್ಲ ಮಾತಿನಲ್ಲಿ ಮಗಳನ್ನು ಕುರಿತು ಆಡಿದ ಮಾತು ಯಾವುದು? ಒಂದೂ ಇಲ್ಲ. ಪಕ್ಕದಲ್ಲಿ ತಲೆತಗ್ಗಿಸಿ ನಿಂತವಳು ತಾನು ಭಾರವಾಗಿದ್ದೆನೆಂಬುದನ್ನು ಮಾತ್ರ ಕೇಳಿಸಿಕೊಂಡು ಹೊರಡುತ್ತಾಳೆ.

ಹಿಂದೆ ಇಂಥ ಭಾಷಣವನ್ನು ಶಾಲೆಯ ಮಾಸ್ತರರಿಂದ ಬರೆಸುತ್ತಿದ್ದರು. ಈಗ ಮೊಬೈಲಿನಲ್ಲಿ ಬೇಕಾದಷ್ಟು ಸಿದ್ಧವಾಗಿ ದೊರೆಯುತ್ತವೆ. ಮಾತು ಎರವಲಿನದೆಂಬುದು ದೊಡ್ಡ ದೋಷವಲ್ಲ. ಅದು ಸತ್ಯವೇ ಎಂಬುದೇ ಶ್ರಾವಕನು ಕೇಳಿಕೊಳ್ಳಬೇಕಾದ ಪ್ರಶ್ನೆ. “ನೀನು ನನ್ನ ಪ್ರಾಣ” ಎಂದು ಹತ್ತಾರು ಜನರೆದುರು ಗದ್ಗದಿತನಾದ ತಂದೆಯು, ಅವಳು ಸಂಕಟದಲ್ಲಿ ತಿರುಗಿ ಬಂದ ದಿನ “ಹೊಂದಿಕೊಂಡು ಹೋಗು, ಮಾನ ಕಳೆಯಬೇಡ” ಎಂದು ಬಾಗಿಲಿನಿಂದಲೇ ಕಳುಹಿದರೆ, ಮೊದಲು ಆಡಿದ್ದು ಪ್ರೀತಿಯೋ ಸುಳ್ಳೋ?

ಮಗಳನ್ನು ಕಳುಹಿಸುವ ತಂದೆಯ ಮಾತೆಂದರೆ ಎಲ್ಲರಿಗೂ ನೆನಪಾಗುವವನು ಕಾಳಿದಾಸನ ಕಣ್ವ. ಶಾಕುಂತಲ ನಾಟಕದ ನಾಲ್ಕನೆಯ ಅಂಕದಲ್ಲಿ ಆ ವೃದ್ಧ ತಪಸ್ವಿಯ ಕಂಠ ಬಿಗಿಯುವುದನ್ನು ಕಂಡು ಕರಗದವರಿಲ್ಲ. ಆದರೆ ಮಗಳೆಂದರೆ ಪರರ ಸೊತ್ತು, ಒಪ್ಪಿಸಬೇಕಾದ ಒತ್ತೆ. ಅದನ್ನು ಒಪ್ಪಿಸಿ ಮನಸ್ಸು ಹಗುರಾಯಿತು ಎಂಬ ಭಾವದಲ್ಲಿಯೇ ಆ ಪ್ರಸಂಗ ಮುಗಿಯುತ್ತದೆ. ಮುಂದಿನ ಅಂಕದಲ್ಲಿಯೇ ಆ ಮಾತಿಗೆ ಪರೀಕ್ಷೆ ಬಂದಿತು. ದುಷ್ಯಂತನು ತನಗೆ ಇವಳ ಪರಿಚಯವೇ ಇಲ್ಲವೆಂದಾಗ, ಜೊತೆಗೆ ಬಂದಿದ್ದ ಕಣ್ವಶಿಷ್ಯನು ಅವಳನ್ನು ಆಶ್ರಮಕ್ಕೆ ಮರಳಿ ಕರೆದೊಯ್ಯಲಿಲ್ಲ. ಪತಿಗೃಹದಲ್ಲಿ ದಾಸಿಯಾಗಿದ್ದರೂ ಸರಿ ಎಂದು ಬಿಟ್ಟು ನಡೆದನು. ಸುಂದರವಾದ ಮಾತು ಆಡಿದ ತವರಿನ ಬಾಗಿಲು ಮುಚ್ಚಿತ್ತು.

ಇದು ಪರರ ಕಥೆಯೆಂದು ಜೈನರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಅಂಜನೆಯ ವೃತ್ತಾಂತವಿದೆ. ಶಿಶುಮಾಯಣನು ಅದನ್ನೇ ಕನ್ನಡ ಸಾಂಗತ್ಯದಲ್ಲಿ ಅಂಜನಾಚರಿತೆಯಾಗಿ ರಚಿಸಿದನು. ವರಿಸಿದ ಪವನಂಜಯನು 22 ವರ್ಷ ಅವಳ ಮುಖ ನೋಡಲಿಲ್ಲ. ಅವನು ಗುಟ್ಟಾಗಿ ಬಂದು ಹೋದ ಮೇಲೆ ಅವಳು ಗರ್ಭಿಣಿಯಾದಳು. ಅತ್ತೆ ಕೇತುಮತಿಯು ಕಳಂಕ ಹೊರಿಸಿ ಮನೆಯಿಂದ ಹೊರಗೆ ಹಾಕಿದಳು. ಅಂಜನೆಯು ತಂದೆ ಮಹೇಂದ್ರನ ನಗರಕ್ಕೆ ಬಂದಳು. ಕುಲಕ್ಕೆ ಅಪಕೀರ್ತಿ ಬಂದೀತೆಂದು ತಂದೆಯೂ ಅವಳನ್ನು ಹೊರಗಟ್ಟಿಸಿದನು. ಸಖಿ ವಸಂತಮಾಲೆಯೊಬ್ಬಳ ಆಸರೆಯಲ್ಲಿ ಅವಳು ಕಾಡಿನ ಗುಹೆಯಲ್ಲಿ ಹನುಮಂತನನ್ನು ಹೆತ್ತಳು. ಕೊನೆಗೆ ಕೈಹಿಡಿದವನು ಸೋದರಮಾವ ಪ್ರತಿಸೂರ್ಯ. ಅಂಜನೆ ನಿರ್ದೋಷಿಯೆಂದು ಪುರಾಣವು ಸಾರುತ್ತದೆ. ಹಾಗಾದರೆ ದೋಷಿ ಯಾರು? ಅತ್ತೆಯನ್ನು ಎಲ್ಲರೂ ಬೈಯುತ್ತಾರೆ. ವಿಚಾರಿಸದೆ ಬಾಗಿಲು ಹಾಕಿದ ತಂದೆಯನ್ನು ಯಾರೂ ಬೈಯುವುದಿಲ್ಲ. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎಂಬ ಗಾದೆಯನ್ನು ನಗುತ್ತ ಹೇಳುವ ಪ್ರತಿಯೊಬ್ಬ ತಂದೆಯಲ್ಲಿಯೂ ಆ ಮಹೇಂದ್ರನಿದ್ದಾನೆ.

ಲೆಕ್ಕ ಬಲ್ಲ ವರ್ತಕ ಸಮಾಜಕ್ಕೆ ಇನ್ನೊಂದು ಮಾತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. ಕರ್ನಾಟಕವು 1994ರಲ್ಲಿಯೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನು ಸಹಭಾಗಿಯನ್ನಾಗಿ ಮಾಡಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬಂದುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಹೀಗಿರುವಾಗ ವೇದಿಕೆಯ ಮೇಲೆ ಕಣ್ಣೀರು, ಕೆಲವು ತಿಂಗಳಾದ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಮಗಳ ಸಹಿ. ಇವೆರಡೂ ಒಂದೇ ಕೈಯಿಂದ ನಡೆಯುವುದಾದರೆ ಅದಕ್ಕೆ ಹೆಸರೇನು? ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಹೇಳಿದೆ. ಒತ್ತೆಯಿಟ್ಟವನು ತಾನಿಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, “ಹೌದು, ಅಷ್ಟೇ” ಎಂದು ಒಪ್ಪಿ ಉಳಿದುದನ್ನು ಇಟ್ಟುಕೊಳ್ಳುವುದೇ ಅದೆಂದು ಪೂಜ್ಯಪಾದರು ವಿವರಿಸಿದ್ದಾರೆ. ಮಗಳು ಒತ್ತೆಯಲ್ಲ, ಆದರೆ ಅವಳ ಪಾಲು ತಂದೆಯ ಕೈಯಲ್ಲಿರುವ ಒತ್ತೆ. ಅಣ್ಣತಮ್ಮಂದಿರ ಮೇಲಿನ ಮಮತೆಯಿಂದ ಅವಳು ಕೇಳದೆ ಇದ್ದಾಗ, “ಹೌದು, ಅಷ್ಟೇ” ಎನ್ನುವುದು ಯಾವ ಅಂಗಡಿಯ ನ್ಯಾಯ? ಮದುವೆಯಲ್ಲಿ ಇಟ್ಟ ಬಂಗಾರಕ್ಕೆ ಪಾಲು ತೀರಿತೆಂದು ಜಮಾಖರ್ಚು ಬರೆಯುವವರು, ವರದಕ್ಷಿಣೆಯನ್ನು ಕೊಡುವುದೂ 1961ರಿಂದ ಅಪರಾಧವೆಂಬುದನ್ನು ನೆನೆಯಲಿ. ಅಪರಾಧದ ಖರ್ಚನ್ನು ಮಗಳ ಲೆಕ್ಕಕ್ಕೆ ಹಾಕುವುದು ಸಲ್ಲದು.

ಮಂಗಲ ಸಮಯದಲ್ಲಿ ಸಂಕಟದ ಮಾತೇಕೆ, ಬೀಗರು ನೊಂದುಕೊಂಡಾರು ಎಂಬ ಆಕ್ಷೇಪವಿದೆ. ಮಗಳು ಸುಖವಾಗಿರಲೆಂದು ಮನಸಾರೆ ಬಯಸುವ ಬೀಗರು, ಅವಳಿಗೆ ತವರೂ ಉಳಿದಿದೆಯೆಂದು ಕೇಳಿ ನೋಯುವುದೇಕೆ? ನೊಂದರೆ ಆ ನೋವು ಅಂದೇ ತಿಳಿದುದು ಒಳ್ಳೆಯದೇ. ಅಡತಿ ವ್ಯಾಪಾರದಲ್ಲಿ ಕರಾರನ್ನು ಮಾಲು ತೂಗುವ ಮೊದಲೇ ಹೇಳುವವರು, ಮಗಳ ಬಾಳಿನಲ್ಲಿ ಮಾತ್ರ ಮೌನವನ್ನು ಶಿಷ್ಟಾಚಾರವೆಂದು ಕರೆಯಬಾರದು.

ಹಾಗಾದರೆ ತಂದೆಯಾದವನು ಏನು ಹೇಳಬೇಕು? ಹಿತವಾಗಿ, ಮಿತವಾಗಿ, ಪ್ರಿಯವಾಗಿ ಎರಡು ನಿಮಿಷದ ಮಾತು ಸಾಕು. ಅದು ಮೊದಲು ಮಗಳ ಕಡೆ ತಿರುಗಿರಲಿ. ಅವಳ ಗುಣವೊಂದನ್ನು, ಅವಳಿಂದ ತಾನು ಕಲಿತುದೊಂದನ್ನು ಹೆಸರಿಸಿ ಹೇಳಲಿ. ಆದಿನಾಥರು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದರೆಂದು ಆದಿಪುರಾಣ ಹೇಳುತ್ತದೆ. ಮಗಳನ್ನು ವಿದ್ಯೆಗೆ ಅರ್ಹಳೆಂದು ಕಂಡ ತಂದೆಯ ಪರಂಪರೆ ಇದು, ಭಾರವೆಂದು ಕಂಡವರದಲ್ಲ. ಬಳಿಕ ಹೀಗೆನ್ನಲಿ: “ತಾಯೀ, ಈ ಮನೆ ನಿನ್ನದು. ಹಬ್ಬಕ್ಕೂ ಬಾ, ಸಂಕಟಕ್ಕೂ ಬಾ. ಹೇಳಿ ಕಳಿಸಿಯೇ ಬರಬೇಕೆಂದಿಲ್ಲ. ನಿನ್ನ ಪಾಲು ನಿನ್ನದೇ ಆಗಿರುತ್ತದೆ.” ಇದನ್ನು ಹೇಳಲು ನಾಲಿಗೆ ತಡವರಿಸಿದರೂ ಚಿಂತೆಯಿಲ್ಲ. ನುಡಿದಂತೆ ನಡೆಯಲಾರೆನೆಂದು ತಿಳಿದವನು ಹೇಳದಿರುವುದೇ ಲೇಸು. ಸುಳ್ಳಿನ ಪಾಪವಾದರೂ ತಪ್ಪುತ್ತದೆ.

ಬಸದಿಗಳ ವಿಶ್ವಸ್ತ ಮಂಡಳಿಗಳೂ ಇದರಲ್ಲಿ ಕೈಗೂಡಿಸಬಹುದು. ತಮ್ಮ ಸಭಾಭವನದಲ್ಲಿ ನಡೆಯುವ ಮದುವೆಗಳಲ್ಲಿ ಆಯೇರಿ, ಕೊಡುಗೆಗಳ ಪಟ್ಟಿಯನ್ನು ಧ್ವನಿವರ್ಧಕದಲ್ಲಿ ಸಾರಬಾರದೆಂದೂ, ಗಣ್ಯರ ಸತ್ಕಾರಕ್ಕೆ ಮುಂಚೆ ತಂದೆತಾಯಿಗಳ ಮಾತಿಗೆ ಅವಕಾಶವಿರಬೇಕೆಂದೂ ನಿಯಮ ಮಾಡಲಿ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಅಂಜನೆಗೆ ಗುಹೆಯೇ ಗತಿಯಾದುದು ಅವಳಿಗೆ ತಂದೆ ಇಲ್ಲದ್ದರಿಂದಲ್ಲ. ಇದ್ದ ತಂದೆಯು ಬಾಗಿಲು ತೆರೆಯದ್ದರಿಂದ.