ಮೆಸ್ಕಾಂ ಲಾಭದ ಕೀಲಿ ಮೆಸ್ಕಾಂ ಕೈಯಲ್ಲಿಲ್ಲ

ವಿದ್ಯುತ್ ದರದ ವಿಚಾರಣೆ ಬಂದಾಗಲೆಲ್ಲ ಎರಡು ವಾದಗಳು ಎದುರಾಗುತ್ತವೆ. ಖರ್ಚು ಹೆಚ್ಚಿದೆ, ದರ ಏರಿಸದೆ ಗತಿಯಿಲ್ಲ ಎನ್ನುತ್ತದೆ ಮಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಮೆಸ್ಕಾಂ. ಬಿಲ್ ಕಟ್ಟುವುದರಲ್ಲಿ ಕರಾವಳಿ ಮುಂದಿರುವಾಗ ಕೊರತೆ ಎಲ್ಲಿಂದ ಬಂತು ಎನ್ನುತ್ತಾರೆ ಗ್ರಾಹಕರು. ಇಬ್ಬರೂ ನೋಡಬೇಕಾದ ಲೆಕ್ಕ ಒಂದಿದೆ: ಒಟ್ಟು ಲಾಭ. ಕರೆಂಟು ಮಾರಿ ಬಂದ ಹಣದಲ್ಲಿ ಕರೆಂಟು ಕೊಂಡ ಹಣ ಕಳೆದರೆ ಉಳಿಯುವುದೇ ಅದು. ನೌಕರರ ಸಂಬಳ, ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ದುರಸ್ತಿ, ಸಾಲದ ಬಡ್ಡಿ ಎಲ್ಲವೂ ಅದರಲ್ಲೇ ಆಗಬೇಕು.

ಲೆಕ್ಕ ಸುಲಭವಾಗಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಂಪನಿ 100 ಯೂನಿಟ್‌ಗಳನ್ನು ತಲಾ 5.50 ರೂಪಾಯಿಗೆ ಕೊಂಡಿತು. ಖರ್ಚು 550 ರೂಪಾಯಿ. ದಾರಿಯಲ್ಲಿ 10 ಯೂನಿಟ್ ಸೋರಿಹೋಯಿತು. ಉಳಿದ 90ನ್ನು 8 ರೂಪಾಯಿಯಂತೆ ಮಾರಿದರೆ ಬರುವುದು 720. ಒಟ್ಟು ಲಾಭ 170 ರೂಪಾಯಿ, ಅಂದರೆ ಆದಾಯದ ಶೇ 24ರಷ್ಟು. ಈಗ ಲೈನ್‌ಮ್ಯಾನ್‌ಗಳು ಮಳೆಗಾಲವಿಡೀ ತಂತಿಗೆ ತಾಗುವ ಕೊಂಬೆ ಕಡಿದು, ಹಳೆ ಲೈನ್ ಬದಲಿಸಿ ನಷ್ಟವನ್ನು 10ರಿಂದ 9ಕ್ಕೆ ಇಳಿಸಿದರು ಅನ್ನಿ. ಲಾಭ 8 ರೂಪಾಯಿ ಹೆಚ್ಚುತ್ತದೆ. ಆದರೆ ಖರೀದಿ ದರ ಯೂನಿಟ್‌ಗೆ ಬರೇ 8 ಪೈಸೆ ಏರಿದರೂ ಆ 8 ರೂಪಾಯಿ ಪೂರ್ತಿ ಮಾಯ. ಊರಿನ ದುಡಿಮೆಯ ಫಲವನ್ನು ಖರೀದಿಯ ಒಂದು ಸಣ್ಣ ಅಂಕಿ ನುಂಗಿಬಿಡುತ್ತದೆ.

ಆ ಅಂಕಿಯನ್ನು ಮೆಸ್ಕಾಂ ಒಂದೇ ತೀರ್ಮಾನಿಸುವುದಿಲ್ಲ. ಯಾವ ಸ್ಥಾವರದ ವಿದ್ಯುತ್ತಿನಲ್ಲಿ ಯಾವ ಸರಬರಾಜು ಕಂಪನಿಗೆ ಎಷ್ಟು ಪಾಲು ಎಂದು ಹಂಚುವುದು ರಾಜ್ಯ ಸರ್ಕಾರ. ರಾಜ್ಯದಲ್ಲೆಲ್ಲ ಹೆಚ್ಚುಕಡಿಮೆ ಒಂದೇ ದರ ಉಳಿಸಲು, ಉತ್ತರ ಕರ್ನಾಟಕದವೂ ಸೇರಿ ಆದಾಯ ಕಡಿಮೆಯಿರುವ ಕಂಪನಿಗಳಿಗೆ ಅಗ್ಗದ ಜಲವಿದ್ಯುತ್ ಹೆಚ್ಚು ಕೊಟ್ಟು, ಬೆಂಗಳೂರಿನ ಬೆಸ್ಕಾಂ, ಮೆಸ್ಕಾಂನಂಥ ಕಂಪನಿಗಳಿಗೆ ದುಬಾರಿಯದನ್ನು ಹಚ್ಚುವ ಪದ್ಧತಿ ಬೆಳೆದುಬಂದಿದೆ. ಅಗ್ಗದ ವಿದ್ಯುತ್ ಹುಟ್ಟುವ ಶರಾವತಿ, ಆಮದು ಕಲ್ಲಿದ್ದಲು ಉರಿಸುವ ಉಡುಪಿಯ ಎಲ್ಲೂರು ಸ್ಥಾವರ ಎರಡೂ ಮೆಸ್ಕಾಂನ ಜಿಲ್ಲೆಗಳಲ್ಲೇ ಇವೆ. ಆದರೂ ಯಾವುದರಿಂದ ಎಷ್ಟು ಬರಬೇಕೆಂಬ ತೀರ್ಮಾನ ಬೆಂಗಳೂರಿನದು.

ಉತ್ತರ ಕರ್ನಾಟಕದ ರೈತನಿಗೆ ಅಗ್ಗದ ಕರೆಂಟು ಸಿಗಬಾರದೆಂದು ಯಾರೂ ಹೇಳುತ್ತಿಲ್ಲ. ಆ ನೆರವು ಸರ್ಕಾರದ ಬಜೆಟ್‌ನಲ್ಲಿ ಸಹಾಯಧನವೆಂದು ಕಾಣಿಸಲಿ; ಮೆಸ್ಕಾಂ ಖರೀದಿ ಪುಸ್ತಕದಲ್ಲಿ ಅಡಗಿ, ಕೊನೆಗೆ ನಮ್ಮ ಬಿಲ್‌ನಲ್ಲಿ ಏಳುವುದು ಬೇಡ. 2025ರ ಏಪ್ರಿಲ್‌ನಲ್ಲಿ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಸರ್ಚಾರ್ಜ್ ಕೂಡ ಗ್ರಾಹಕನ ಹೆಗಲೇರಿತು.

ಈ ಹೊರೆಗೆ ಬದಲಾಗಿ ಸುಳ್ಯ ತಾಲೂಕಿನ ಗುತ್ತಿಗಾರಿಗೆ ಸಿಕ್ಕಿದ್ದೇನು? ಬೇಸಿಗೆಯಲ್ಲಿ ಅಡಿಕೆ ತೋಟಗಳ ಸ್ಪ್ರಿಂಕ್ಲರ್ ಒಟ್ಟಿಗೆ ತಿರುಗುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ. ಪಂಪು ಗುಂಯ್‌ಗುಟ್ಟುತ್ತದೆ, ನೀರೆತ್ತುವುದಿಲ್ಲ. ಹಟ ಹಿಡಿದು ನಡೆಸಿದರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಹಳದಿ ಎಲೆ ರೋಗದಿಂದ ಸೋತ ತೋಟದವನಿಗೆ ಅದು ಇನ್ನೊಂದು ಪೆಟ್ಟು. ಸುಳ್ಯಕ್ಕೆ 110 ಕೆವಿ ಸಬ್‌ಸ್ಟೇಷನ್ ಬೇಕೆಂಬ ಕೂಗು ವರ್ಷಗಟ್ಟಲೆ ಹಳೆಯದು. 2016ರಲ್ಲಿ ಬೆಳ್ಳಾರೆಯ ಗ್ರಾಹಕರೊಬ್ಬರು ಕರೆಂಟಿಲ್ಲವೆಂದು ಇಂಧನ ಸಚಿವರಿಗೇ ಫೋನ್ ಮಾಡಿ ಜಗಳವಾಗಿ, ಅದು ಪೊಲೀಸ್ ಕೇಸಿನವರೆಗೆ ಹೋಯಿತು. ತಾಲೂಕಿನ ಅಸಹನೆ ಅಷ್ಟರ ಮಟ್ಟಿಗೆ ಮುಟ್ಟಿತ್ತು.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ನಾವು ಕೇಳಬೇಕಾದ್ದು ಎರಡೇ. ಹಂಚಿಕೆಯಿಂದ ಮೆಸ್ಕಾಂಗೆ ಬಿದ್ದ ಹೆಚ್ಚುವರಿ ಹೊರೆ ಎಷ್ಟೆಂದು ಪ್ರತ್ಯೇಕವಾಗಿ ತೋರಿಸಿ, ಅದನ್ನು ಸರ್ಕಾರವೇ ಭರಿಸುವಂತೆ ಮಾಡಿ. ನಷ್ಟ ಇಳಿಸಿ ಉಳಿದ ಹಣವನ್ನು ಆ ಉಪವಿಭಾಗದ ಲೈನ್, ಟ್ರಾನ್ಸ್‌ಫಾರ್ಮರ್‌ಗಳಿಗೇ ಹಾಕಿಸಿ. ಮುಂದಿನ ಅಹವಾಲು ಸಭೆಗೆ ಸುಳ್ಯ, ಕಡಬ, ಪುತ್ತೂರಿನ ಕೃಷಿಕರು ಸಿಟ್ಟಿನ ಜೊತೆ ಈ ಲೆಕ್ಕವನ್ನೂ ಒಯ್ಯಬೇಕು. ಖರೀದಿಯ ಲೆಕ್ಕ ಬಿಚ್ಚಿಡದೆ ಒಂದು ಪೈಸೆ ದರ ಏರಿಸುವ ನೈತಿಕ ಹಕ್ಕು ಯಾರಿಗೂ ಇಲ್ಲ.