ಎತ್ತರ ಆಮೇಲೆ, ಮೊದಲು ಕೆಳಗೆ ನೋಡಿ

ಹಳೇ ಫೋರ್ ವೀಲ್ ಡ್ರೈವ್ ಜೀಪು ಕೊಂಡವರು ಮೊದಲು ಮಾಡಿಸುವ ಕೆಲಸಗಳ ಪಟ್ಟಿ ನನಗೆ ಬಾಯಿಪಾಠ ಆಗಿದೆ. ದೊಡ್ಡ ಟೈರು, ಎರಡಿಂಚು ಲಿಫ್ಟ್, ಕಬ್ಬಿಣದ ಬಂಪರ್, ನೆತ್ತಿಯ ಮೇಲೊಂದು ಎಲ್‌ಇಡಿ ಬಾರ್. ಆಮೇಲೆ ಶನಿವಾರ ಬೆಳಗಿನ ಜಾವ ಸಕಲೇಶಪುರದ ಕಡೆ ಸವಾರಿ. ಇವರನ್ನು ನಾನು ಕೇಳೋದು ಒಂದೇ ಪ್ರಶ್ನೆ: ಟೈ ರಾಡ್ ಎಂಡ್ ಬದಲಾಯಿಸಿ ಎಷ್ಟು ವರ್ಷ ಆಯ್ತು? ಉತ್ತರ ಬರೋದು ಅಪರೂಪ. ಲೈಟಿನ ಲ್ಯೂಮೆನ್ ಎಷ್ಟು ಅಂತ ಕೇಳಿದರೆ ಮಾತ್ರ ಥಟ್ಟನೆ ಹೇಳ್ತಾರೆ.

ಮಹೀಂದ್ರದವರು 1947ರಲ್ಲಿ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದರಲ್ಲ, ಆ ವಂಶದ ಗಾಡಿಗಳ ಮುಂಭಾಗ ತುಂಬ ಸರಳ. ಎರಡೂ ಮುಂಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸಲ್, ಅದಕ್ಕೆ ಕಮಾನ್ ಪಟ್ಟೆ. ನಿಮ್ಮ ಕೈಯಿಂದ ಚಕ್ರದವರೆಗೆ ಒಂದು ಸರಪಳಿಯೇ ಇದೆ: ಸ್ಟೀರಿಂಗ್ ಬಾಕ್ಸ್, ಡ್ರ್ಯಾಗ್ ಲಿಂಕ್, ಹಳೇ ಮಾದರಿಯಾದರೆ ನಡುವೆ ಬೆಲ್ ಕ್ರ್ಯಾಂಕ್, ಟೈ ರಾಡ್, ಕೊನೆಗೆ ಚಕ್ರ ತಿರುಗುವ ನಕಲ್ಲು, ಅದರ ಮೇಲೆ ಕೆಳಗೆ ಕಿಂಗ್ ಪಿನ್ ಬೇರಿಂಗು. ಒಂದೊಂದು ಕೀಲೂ ಕೂದಲೆಳೆಯಷ್ಟು ಸವೆದರೂ ಸಾಕು, ಎಲ್ಲ ಸೇರಿ ಸ್ಟೀರಿಂಗಿನಲ್ಲಿ ನಾಲ್ಕು ಬೆರಳು ಪ್ಲೇ ಬರುತ್ತೆ. ನೀವು ತಿರುಗಿಸ್ತೀರಿ, ಗಾಡಿ ಯೋಚನೆ ಮಾಡಿ ಆಮೇಲೆ ತಿರುಗುತ್ತೆ.

ಇದಕ್ಕೆ ಸಿಗುವ ಸಮಾಧಾನ ಏನು ಗೊತ್ತಾ? ‘ಹಳೇ ಜೀಪು ಅಂದ್ರೆ ಹಂಗೇ ಗುರು, ಅದೇ ಅದರ ಮಜಾ.’ ಕ್ಷಮಿಸಿ, ಅದು ಮಜಾ ಅಲ್ಲ, ಸವೆತ. ಮೊಣಕಾಲಿನ ಮೂಳೆ ಸವೆದವನ ಕುಂಟುನಡಿಗೆಯನ್ನು ಯಾರಾದರೂ ಸ್ಟೈಲ್ ಅಂತ ಕರೀತಾರಾ? ಹೊಸದಿದ್ದಾಗ ಇವೂ ನೆಟ್ಟಗೆ ಹೋಗ್ತಿದ್ದ ಗಾಡಿಗಳೇ.

ಇನ್ನು ನಡುಕದ ಕಥೆ. ಅರವತ್ತರ ವೇಗದಲ್ಲಿ ಒಂದು ಚಕ್ರ ಗುಂಡಿಗೆ ಬಿದ್ದ ಕೂಡಲೇ ಇಡೀ ಮುಂಭಾಗ ದೆವ್ವ ಬಡಿದ ಹಾಗೆ ಅದುರಲು ಶುರುವಾಗುತ್ತೆ, ಗಾಡಿ ನಿಧಾನ ಮಾಡುವ ತನಕ ಬಿಡೋದಿಲ್ಲ. ಇದಕ್ಕೆ ಅಂಗಡಿಯವರು ಮಾರುವ ಮದ್ದು ಸ್ಟೀರಿಂಗ್ ಡ್ಯಾಂಪರ್. ರಸ್ತೆಯ ಹೊಡೆತ ಕೈಗೆ ಬಾರದಂತೆ ತಡೆಯೋದು ಅದರ ಕೆಲಸ, ಸವೆದ ಕೀಲನ್ನು ಬಿಗಿ ಮಾಡೋದಲ್ಲ. ಜ್ವರ ಯಾಕೆ ಬಂತು ಅಂತ ನೋಡದೆ ಮಾತ್ರೆ ನುಂಗಿ ಆಫೀಸಿಗೆ ಹೋದ ಹಾಗೆ. ನಡುಕ ನಿಂತಿತು ಅಂತ ನೀವು ಎಂಬತ್ತಕ್ಕೆ ಏರ್ತೀರಿ, ಒಳಗೆ ಕೀಲು ಸವೆಯುತ್ತಲೇ ಇರುತ್ತೆ.

ಇಂಥ ಮುಂಭಾಗದ ಮೇಲೆ ಲಿಫ್ಟ್ ಹಾಕಿಸೋದಂತೂ ದಡ್ಡತನ. ಚಕ್ರ ತಿರುಗುವ ಅಚ್ಚು ನೆಟ್ಟಗೆ ನಿಂತಿರೋದಿಲ್ಲ, ಸೈಕಲ್ ಹ್ಯಾಂಡಲಿನ ಕಂಬದ ಹಾಗೆ ಸ್ವಲ್ಪ ಹಿಂದಕ್ಕೆ ವಾಲಿರುತ್ತೆ. ಅದಕ್ಕೆ ಕ್ಯಾಸ್ಟರ್ ಅಂತಾರೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರೋದು ಮುಖ್ಯವಾಗಿ ಇದರಿಂದ. ಅಗ್ಗದಲ್ಲಿ ಎತ್ತರ ಮಾಡಲು ಉದ್ದನೆಯ ಶ್ಯಾಕಲ್ ಹಾಕಿದರೆ ಆಕ್ಸಲ್ ತಿರುಚಿಕೊಂಡು ಈ ವಾಲು ಕೆಡುತ್ತೆ. ಡ್ರ್ಯಾಗ್ ಲಿಂಕ್ ಇಳಿಜಾರಾಗುತ್ತೆ, ಆಗ ಹಳ್ಳ ಸಿಕ್ಕಿದಾಗಲೆಲ್ಲ ಗಾಡಿ ತಾನೇ ಪಕ್ಕಕ್ಕೆ ಎಳೆಯುತ್ತೆ. ಬ್ರೇಕ್ ಹೋಸ್ ಬಿಗಿಯಾಗುತ್ತೆ. ಮೇಲಿಂದ ದೊಡ್ಡ ಟೈರಿನ ಭಾರ ಬೇರೆ, ಅದನ್ನು ಹೊರಬೇಕಾದದ್ದು ಅದೇ ಸವೆದ ಬೇರಿಂಗು.

ಕಾನೂನು ಇದೆಯಲ್ಲ ಅಂತೀರಾ? ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಆದರೆ ಸವೆತದ ಬಗ್ಗೆ ಏನು? ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿ 15 ವರ್ಷ ನಡೆಯುತ್ತೆ. ಅಷ್ಟು ದಿನ ಅದರ ಕೆಳಗೆ ಯಾರೂ ತಲೆ ಹಾಕದಿದ್ದರೂ ನಡೆಯುತ್ತೆ. ಹೊಣೆ ನಮ್ಮದೇ.

ಹೊರೋದು ಕಷ್ಟವೂ ಅಲ್ಲ. ಗಾಡಿ ನೆಲದ ಮೇಲಿರಲಿ, ಎಂಜಿನ್ ಆಫ್ ಇರಲಿ. ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಸ್ವಲ್ಪ ಅಲುಗಿಸಲಿ, ನೀವು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡಿ. ಎಲ್ಲಿ ಒಂದು ತುದಿ ಅಲುಗಿ ಇನ್ನೊಂದು ಸುಮ್ಮನಿರುತ್ತೋ ಅಲ್ಲಿದೆ ಕಳ್ಳ. ಆಮೇಲೆ ಚಕ್ರ ಜಾಕಿಗೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಬ್ರೇಕ್ ತುಳಿದಾಗ ಅಲುಗಾಟ ನಿಂತರೆ ಸಾಮಾನ್ಯವಾಗಿ ವೀಲ್ ಬೇರಿಂಗು ಹೋಗಿದೆ, ನಿಲ್ಲದಿದ್ದರೆ ಕಿಂಗ್ ಪಿನ್. ಇಷ್ಟಕ್ಕೆ ಅರ್ಧ ಗಂಟೆ ಮತ್ತು ಕೊಳೆ ಆದರೂ ಪರವಾಗಿಲ್ಲ ಅನ್ನುವ ಒಂದು ಅಂಗಿ ಸಾಕು.

ರಿಪೇರಿಗೆ ಬಿಚ್ಚಿದ ಮೇಲೆ ಚೌಕಾಶಿ ಬೇಡ. ಒಂದು ಕಡೆಯ ಟೈ ರಾಡ್ ಎಂಡ್ ಹೋಗಿದ್ದರೆ ಇನ್ನೊಂದೂ ಅಷ್ಟೇ ವಯಸ್ಸಿನದು, ಎರಡೂ ಬದಲಾಗಲಿ. ಕಿಂಗ್ ಪಿನ್ ಬೇರಿಂಗಿಗೆ ಶಿಮ್ ಹಾಕಿ ಬಿಗಿ ನೋಡುವಾಗ ಅಂದಾಜು ಸಾಲದು. ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ಅಳೆಯುವ ಕ್ರಮ ಇದೆ. ರಬ್ಬರ್ ಬುಷ್‌ನ ಬೋಲ್ಟನ್ನು ಕೊನೆಯ ಬಿಗಿ ಕೊಡಬೇಕಾದ್ದು ಚಕ್ರ ನೆಲ ಮುಟ್ಟಿ ಭಾರ ಬಿದ್ದ ಮೇಲೆ. ಗಾಳಿಯಲ್ಲಿ ನೇತಾಡುವಾಗಲೇ ಬಿಗಿ ಮಾಡಿದರೆ ಹೊಸ ಬುಷ್ ತಿರುಚಿಕೊಂಡು ಬೇಗ ಹರಿಯುತ್ತೆ. ಸ್ಪ್ಲಿಟ್ ಪಿನ್ನಿನ ತೂತು ಕೂಡಲಿಲ್ಲ ಅಂತ ನಟ್ಟನ್ನು ಸಡಿಲಿಸುವಂತಿಲ್ಲ, ಮುಂದಿನ ತೂತಿಗೆ ಬಿಗಿ ಮಾಡಬೇಕು. ಸ್ಟೀರಿಂಗಿನ ಭಾಗಕ್ಕೆ ವೆಲ್ಡಿಂಗ್ ಕೂಡದು. ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಕೀಲು ಸಡಿಲ ಇರುವಾಗಲೇ ಅಲೈನ್‌ಮೆಂಟ್ ಮಾಡಿಸೋದು ದಂಡ, ಗೇಟು ದಾಟುವಷ್ಟರಲ್ಲಿ ಅಳತೆ ತಪ್ಪಿರುತ್ತೆ.

ಈ ಸಾಮಾನಿನ ಬಿಲ್ಲು ಐದು ದೊಡ್ಡ ಟೈರಿನ ಬಿಲ್ಲಿಗಿಂತ ಕಡಿಮೆಯೇ. ಆದರೂ ಜನ ಮಾಡಿಸಲ್ಲ, ಯಾಕೆಂದರೆ ಇದು ಫೋಟೋದಲ್ಲಿ ಕಾಣಲ್ಲ. ಹೊಳೆಯುವ ಸಾಮಾನಿಗೆ ಕೇಳಿದಷ್ಟು ಕೊಟ್ಟವರು, ಎರಡು ದಿನ ಗಾಡಿ ಕೆಳಗೆ ಬೆನ್ನು ಹಾಕಿ ಮಲಗಿದ ಮೆಕ್ಯಾನಿಕ್ಕಿನ ಹತ್ತಿರ ಐನೂರು ರೂಪಾಯಿಗೆ ಜಗಳ ತೆಗೀತಾರೆ. ಹೀಗಾದರೆ ಆತ ಅಳೆದು ನೋಡುವ ಕೆಲಸ ಬಿಟ್ಟು ಲೈಟು ಕೂರಿಸುವ ಕೆಲಸ ಹಿಡೀತಾನೆ. ತಪ್ಪು ಆತನದಲ್ಲ.

‘ನಾನು ವರ್ಷಕ್ಕೆ ನಾಲ್ಕು ಸಲ ಓಡಿಸೋದು ಮಾರಾಯ’ ಅನ್ನೋದು ಇನ್ನೊಂದು ವಾದ. ನಿಂತ ಗಾಡಿಯಲ್ಲೂ ಗ್ರೀಸ್ ಒಣಗುತ್ತೆ, ಸೀಲ್ ಬಿರಿಯುತ್ತೆ, ಕಳೆದ ಸಲ ಹೊಳೆ ದಾಟಿದ ನೀರು ನಕಲ್ಲಿನೊಳಗೆ ಕೂತು ಬೇರಿಂಗಿಗೆ ತುಕ್ಕು ಹಿಡಿಸುತ್ತೆ. ಆ ನಾಲ್ಕು ಸಲವೂ ನೀವು ಹೋಗೋದು ಚಾರ್ಮಾಡಿಗೆ, ಶಿರಾಡಿಗೆ. ಅಲ್ಲಿ ಎದುರಿನಿಂದ ಬರುವವರಿಗೆ ನಿಮ್ಮ ಆಫ್‌ರೋಡ್ ಹುಚ್ಚಿಗೂ ತಮಗೂ ಏನೂ ಸಂಬಂಧ ಇಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬೈಕಿನಲ್ಲಿ ಊರಿಗೆ ಹೊರಟವನು ನಿಮ್ಮ ಟೈ ರಾಡ್ ಎಂಡ್ ನಂಬಿಕೊಂಡೇ ತಿರುವಿಗೆ ಬರ್ತಾನೆ, ಅದು ಅವನಿಗೆ ಗೊತ್ತೂ ಇರಲ್ಲ.

ಲಿಫ್ಟ್ ಮಾಡಿಸಬೇಡಿ ಅಂತ ಹೇಳಿದರೆ ನೀವು ಕೇಳಲ್ಲ, ಗೊತ್ತು. ಅದಕ್ಕೆ ಒಂದು ಕ್ರಮವನ್ನಾದರೂ ಇಟ್ಟುಕೊಳ್ಳಿ: ಕೀಲು ಮೊದಲು, ಬ್ರೇಕು ಆಮೇಲೆ, ಟೈರು ಅದರ ನಂತರ, ಲೈಟು ಕೊನೆಗೆ. ಮೊದಲ ಎರಡಕ್ಕೇ ದುಡ್ಡು ಮುಗಿದರೆ ಗಾಡಿ ಅಷ್ಟಕ್ಕೇ ಸಿದ್ಧ ಅಂತ ತಿಳ್ಕೊಂಡು ಹೊರಡಿ.